ಅಗಲ ಟೈರಿಗೆ ಮಡ್ಗಾರ್ಡ್ ಕತ್ತರಿಸುವ ಮುಂಚೆ

ಮುಂಗಾರು ಹತ್ತಿರ ಬಂತು ಅಂದರೆ ನಮ್ಮ ಕಡೆ ಟೈರ್ ಅಂಗಡಿಗಳ ಮುಂದೆ ಟ್ರ್ಯಾಕ್ಟರುಗಳು ಸಾಲಾಗಿ ನಿಲ್ಲುತ್ತವೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಎಲ್ಲಿ ಹೋದರೂ ಇದೇ. ಹಳೇ ಟೈರು ಸವೆದಿರುತ್ತೆ, ಬದಲಾಯಿಸಬೇಕು, ಅದು ಸರಿ. ಅದರ ಜೊತೆಗೆ ಇನ್ನೊಂದು ಚಾಳಿ ಸೇರಿಕೊಂಡಿದೆ. ಕಂಪನಿಯಿಂದ ಬಂದದ್ದಕ್ಕಿಂತ ಒಂದು ನಂಬರ್ ಅಗಲದ ಟೈರು ಹಾಕಿಸೋದು. 12.4 ಇದ್ದವರು 13.6, 13.6 ಇದ್ದವರು 14.9. ಹಾಕಿಸಿದ ಮೇಲೆ ಟೈರು ಮಡ್ಗಾರ್ಡಿಗೆ ತಾಗುತ್ತೆ. ಆಗ ಪಕ್ಕದ ವೆಲ್ಡಿಂಗ್ ಅಂಗಡಿಗೆ ಹೋಗಿ ಮಡ್ಗಾರ್ಡನ್ನು ಗ್ಯಾಸಿನಲ್ಲಿ ಕತ್ತರಿಸೋದು. ಅರ್ಧ ಗಂಟೆ ಕೆಲಸ, ಮನೆಗೆ ಬಂದುಬಿಡಬಹುದು.

ನಾನೂ ಹಾಗೇ ಮಾಡಿದವನು. ಅದಕ್ಕೇ ಇದನ್ನು ಬರೀತಿದ್ದೀನಿ.

ನನ್ನದು 35 ಎಚ್.ಪಿ.ಯ ಹಳೇ ಟ್ರ್ಯಾಕ್ಟರು. ಎರಡನೇ ಕೈಯಲ್ಲಿ ತಗೊಂಡಾಗ ಹಿಂದಿನ ಟೈರು 12.4–28 ಇತ್ತು. ಬೇಸಿಗೆಯಲ್ಲಿ ಹೊಲಕ್ಕೆ ಕೆರೆ ಗೋಡು ಹೊಡೆಯುವಾಗ ಅಂಗಳದಿಂದ ಮೇಲಕ್ಕೆ ಹತ್ತುವ ಕಡೆ ಚಕ್ರ ನಿಂತಲ್ಲೇ ತಿರುಗುತ್ತಿತ್ತು. ರಾಗಿ ಹೊಲ ಉಳುವಾಗಲೂ ಒಂಬತ್ತು ಹಲ್ಲಿನ ಕಲ್ಟಿವೇಟರನ್ನು ಒಸಿ ಆಳಕ್ಕೆ ಬಿಟ್ಟರೆ ಅದೇ ಪಾಡು. ಪಕ್ಕದ ಊರಿನವರೊಬ್ಬರು 13.6 ಹಾಕಿಸಿದ್ದರು, ಅವರ ಗಾಡಿ ಸಲೀಸಾಗಿ ಹತ್ತುತ್ತಿತ್ತು. ನಾನೂ ಹಾಕಿಸಿದೆ. ಎರಡೂ ಕಡೆ ಒಳಮಗ್ಗುಲಲ್ಲಿ ಟೈರು ತಗಡಿಗೆ ಉಜ್ಜಿತು. ಮೇಲ್ಗಡೆ ಒಂದು ಬೆರಳು ತೂರುವಷ್ಟು ಸಂದೂ ಉಳಿಯಲಿಲ್ಲ. ವೆಲ್ಡಿಂಗ್ ಹುಡುಗ ಒಳಗಡೆ ತಗಡನ್ನು ಎರಡು ಇಂಚು ಕತ್ತರಿಸಿ ತೆಗೆದ. ಮೇಲ್ಗಡೆ ಅರ್ಧ ಇಂಚು ಸಂದು ಇದೆಯಲ್ಲ ಅಂತ ಹಾಗೇ ಬಿಟ್ಟ. ‘ಟ್ರ್ಯಾಕ್ಟರಿಗೆ ಸ್ಪ್ರಿಂಗ್ ಇಲ್ಲ, ಚಕ್ರ ಮೇಲಕ್ಕೆ ಬರಲ್ಲ, ಏಮೀ ಕಾದು ಅಣ್ಣಾ’ ಅಂದ. ಏನೂ ಆಗಲ್ಲ ಅಂತ. ನನಗೂ ಸರಿ ಅನ್ನಿಸಿತು.

ಎಂಟು ದಿನ ಚೆನ್ನಾಗಿ ಓಡಿತು. ಒಂಬತ್ತನೇ ದಿನ ಗೋಡು ಇಳಿಸಿ ಖಾಲಿ ಬರುವಾಗ ನನ್ನ ತಂಗಿ ಮಗ ಎಡಗಡೆ ಮಡ್ಗಾರ್ಡಿನ ಮೇಲೆ ಕೂತಿದ್ದ. ಹಿಡ್ಕೊಳ್ಳೋಕೆ ಏನಾದರೂ ಬೇಕಲ್ಲ, ಮಡ್ಗಾರ್ಡಿನ ಅಂಚನ್ನೇ ಹಿಡಿದಿದ್ದ, ಬೆರಳನ್ನು ಒಳಕ್ಕೆ ಮಡಚಿ. ಹಳ್ಳಕ್ಕೆ ಇಳಿದ ಕೂಡಲೇ ಗಾಡಿ ಕುಲುಕಿತು. ‘ಮಾವಾ, ನಿಲ್ಸೂ’ ಅಂತ ಕೂಗಿದ. ನಿಲ್ಲಿಸುವ ಹೊತ್ತಿಗೆ ನಡುಬೆರಳು, ಉಂಗುರ ಬೆರಳು ಎರಡರ ತುದಿಯೂ ಹೋಗಿತ್ತು. ಕೋಲಾರಕ್ಕೆ ಕರ್ಕೊಂಡು ಹೋಗಿ ಹೊಲಿಗೆ ಹಾಕಿಸಿದೆವು. ಹುಡುಗ ಈಗ ಚೆನ್ನಾಗಿದ್ದಾನೆ, ಕೆಲಸಾನೂ ಮಾಡ್ತಾನೆ. ಬೆರಳು ಮಾತ್ರ ಬರಲಿಲ್ಲ. ವೆಲ್ಡಿಂಗ್ ಹುಡುಗನ ತಪ್ಪು ಅಂತ ನಾನು ಹೇಳಲ್ಲ. ಕತ್ತರಿಸು ಅಂದವನು ನಾನು, ಹುಡುಗನನ್ನು ಅಲ್ಲಿ ಕೂರಿಸಿಕೊಂಡವನೂ ನಾನು.

ಲೆಕ್ಕ ಎಲ್ಲಿ ತಪ್ಪಿತು

ಆಮೇಲೆ ಗಾಡಿ ನಿಲ್ಲಿಸಿ ಎರಡು ದಿನ ಅದನ್ನೇ ನೋಡ್ತಾ ಕೂತೆ. ಹುಡುಗ ಹೇಳಿದ್ದು ಸುಳ್ಳಲ್ಲ. ಕಾರು, ಜೀಪಿನಲ್ಲಿ ಚಕ್ರಕ್ಕೂ ಬಾಡಿಗೂ ನಡುವೆ ಸ್ಪ್ರಿಂಗ್ ಇರುತ್ತೆ. ಜನ ಕೂತಾಗ, ಗುಂಡಿಗೆ ಬಿದ್ದಾಗ ಬಾಡಿ ಕೆಳಗೆ ಬರುತ್ತೆ, ಚಕ್ರ ಮಡ್ಗಾರ್ಡಿನ ಒಳಕ್ಕೆ ಹೋಗುತ್ತೆ. ಟ್ರ್ಯಾಕ್ಟರಿನ ಹಿಂದಿನ ಅಚ್ಚಿಗೆ ಸ್ಪ್ರಿಂಗೇ ಇಲ್ಲ, ಅಚ್ಚು ಗೇರ್ ಪೆಟ್ಟಿಗೆಗೆ ಗಟ್ಟಿಯಾಗಿ ಕೂತಿದೆ. ಮಡ್ಗಾರ್ಡೂ ಅದೇ ಅಚ್ಚಿನ ಮೇಲೆ ಬ್ರಾಕೆಟ್ ಕೊಟ್ಟು ಬೋಲ್ಟ್ ಮಾಡಿರೋದು. ಹಾಗಾಗಿ ಚಕ್ರ ಮೇಲೆ ಬರೋದಿಲ್ಲ. ಆದರೆ ಮಡ್ಗಾರ್ಡೇ ಕೆಳಗೆ ಬರುತ್ತೆ! ಮೇಲೆ ಆಳು ಕೂತರೆ ತಗಡು ಬಗ್ಗುತ್ತೆ. ಹಳೇ ಗಾಡಿಯಲ್ಲಿ ಬೋಲ್ಟಿನ ತೂತು ಸವೆದು ಉದ್ದವಾಗಿರುತ್ತೆ, ಅದೂ ಜಗ್ಗುತ್ತೆ.

ಇನ್ನೊಂದು ವಿಷಯ ಅವತ್ತಿನ ತನಕ ನನಗೆ ಹೊಳೆದಿರಲಿಲ್ಲ. ಮಡ್ಗಾರ್ಡಿನ ಮೇಲ್ಭಾಗಕ್ಕೂ ಒಳಗಡೆ ಕೆಳಕ್ಕೆ ಇಳಿದಿರುವ ತಗಡಿಗೂ ಒಂದು ಮೂಲೆ ಇರುತ್ತೆ. ಗಟ್ಟಿತನ ಎಲ್ಲಾ ಆ ಮೂಲೆಯಲ್ಲೇ ಇರೋದು. ಒಂದು ಕಾಗದ ಹಿಡಿದರೆ ಜೋಲು ಬೀಳುತ್ತೆ, ಅದನ್ನೇ ನಡುವೆ ಮಡಚಿ ಹಿಡಿದರೆ ನೆಟ್ಟಗೆ ನಿಲ್ಲುತ್ತೆ, ಹಾಗೆ. ಒಳಗಿನ ತಗಡನ್ನು ಎರಡು ಇಂಚು ಕತ್ತರಿಸಿದಾಗ ನಾವು ತೆಗೆದದ್ದು ಆ ಗಟ್ಟಿತನವನ್ನೇ. ಸಂದು ಕಮ್ಮಿ ಇದ್ದ ಕಡೆ ತಗಡನ್ನು ಇನ್ನಷ್ಟು ಬಗ್ಗುವ ಹಾಗೆ ಮಾಡಿದ್ದೆವು.

ಇದನ್ನು ಪರೀಕ್ಷೆ ಮಾಡೋದು ಬಹಳ ಸುಲಭ. ಇಂಜಿನ್ ಆರಿಸಿ, ಗೇರಿನಲ್ಲಿ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಹಸಿ ಜೇಡಿಮಣ್ಣನ್ನು ಇಡ್ಲಿಯಷ್ಟು ದಪ್ಪ ತಟ್ಟಿ, ಟೈರಿನ ಉಬ್ಬು ಪಟ್ಟಿಯ ನೆತ್ತಿಯ ಮೇಲೆ, ಮಡ್ಗಾರ್ಡಿನ ಸಂದಿನಲ್ಲಿ ತುಂಬಿ. ಈಗ ಒಬ್ಬರು ಮಡ್ಗಾರ್ಡಿನ ಮೇಲೆ ಕೂತು ಒಂದೆರಡು ಸಲ ಕುಲುಕಿ ಇಳೀಲಿ. ಮಣ್ಣು ತೆಗೆದು ನೋಡಿದರೆ ಎಷ್ಟು ಅಮುಕಿದೆ ಅಂತ ಗೊತ್ತಾಗುತ್ತೆ. ನನ್ನ ಗಾಡಿಯಲ್ಲಿ ಅರ್ಧ ಇಂಚಿನ ಮಣ್ಣು ಪೂರಾ ಹಪ್ಪಳ ಆಗಿತ್ತು. ಗಾಡಿ ನಿಂತಿದ್ದಾಗಲೇ ಹಾಗಾದರೆ ಹಳ್ಳ ಇಳಿಯುವಾಗ ಏನಾಗಿರಬೇಕು.

ಮಣ್ಣಿನ ವಿಷಯವೂ ಇದೆ. ನಮ್ಮ ಕೆಂಪು ಮರಳು ಮಣ್ಣು ಟೈರಿಗೆ ಅಷ್ಟಾಗಿ ಹಿಡಿಯೋದಿಲ್ಲ. ಕೆರೆ ಗೋಡು ಹಾಗಲ್ಲ, ಉಂಡೆ ಉಂಡೆಯಾಗಿ ಅಂಟುತ್ತೆ, ಜೊತೆಗೆ ಕಲ್ಲು ಸೇರಿರುತ್ತೆ. 2018ರಲ್ಲಿ ಕೆ.ಸಿ. ವ್ಯಾಲಿ ನೀರು ಕೋಲಾರದ ಕೆರೆಗಳಿಗೆ ಬರೋಕೆ ಶುರುವಾದ ಮೇಲೆ ನೀರು ನಿಂತ ಕೆರೆಗಳ ಅಕ್ಕಪಕ್ಕ ಹಸಿ ನೆಲದಲ್ಲೂ ಗಾಡಿ ಓಡಿಸಬೇಕಾಗಿದೆ. ಸಂದು ಕಮ್ಮಿ ಇದ್ದರೆ ಅಂಟಿದ ಮಣ್ಣೇ ತಗಡನ್ನು ಉಜ್ಜುತ್ತೆ, ಕಲ್ಲು ಸಿಕ್ಕಿಕೊಂಡರೆ ತಗಡು ಹರಿಯುತ್ತೆ. ನಾನು ಈಗ ಇಟ್ಟುಕೊಂಡಿರುವ ಲೆಕ್ಕ: ಮೇಲ್ಗಡೆ ನಾಲ್ಕು ಬೆರಳು, ಒಳಮಗ್ಗುಲಲ್ಲಿ ಮೂರು ಬೆರಳು. ಇದು ನನ್ನ ಅನುಭವದ ಲೆಕ್ಕ, ಪುಸ್ತಕದ್ದಲ್ಲ.

ಅಗಲ ಟೈರು ನಿಜವಾಗಿ ಬೇಕಾ?

ಇದನ್ನು ಮೊದಲೇ ಕೇಳಿಕೊಂಡಿದ್ದರೆ ನನಗೆ ದುಡ್ಡೂ ಉಳೀತಿತ್ತು. ಚಕ್ರ ಜಾರುತ್ತೆ ಅಂತ ಟೈರು ಬದಲಾಯಿಸೋಕೆ ಹೊರಟೆ, ಗಾಳಿ ಎಷ್ಟಿದೆ ಅಂತ ನೋಡಿರಲಿಲ್ಲ. ಆಮೇಲೆ ನೋಡಿದರೆ ಹಳೇ ಟೈರಿನಲ್ಲಿ 25 ಪೌಂಡಿಗಿಂತ ಜಾಸ್ತಿ ಗಾಳಿ ಹೊಡೆಸ್ಕೊಂಡು ಓಡಿಸ್ತಿದ್ದೆ. ಹೊಲದ ಕೆಲಸಕ್ಕೆ ಹಿಂದಿನ ಟೈರಿಗೆ ಸಾಧಾರಣವಾಗಿ 12ರಿಂದ 14 ಪೌಂಡ್ ಸಾಕು. ಗಾಳಿ ಜಾಸ್ತಿ ಆದರೆ ಟೈರು ಗುಂಡಗೆ ನಿಲ್ಲುತ್ತೆ, ನಡುಭಾಗ ಮಾತ್ರ ನೆಲ ಹಿಡಿಯುತ್ತೆ. ಅಂದರೆ ಇರುವ 12.4 ಇಂಚಿನ ಟೈರನ್ನೇ ನಾವು ಪೂರ್ತಿ ಉಪಯೋಗಿಸ್ತಿಲ್ಲ, ಇನ್ನೂ ಅಗಲದ್ದಕ್ಕೆ ದುಡ್ಡು ಕೊಡ್ತೀವಿ. ರೋಡಿನಲ್ಲಿ ಲೋಡ್ ಟ್ರೇಲರ್ ಎಳೆಯುವಾಗ ಗಾಡಿ ಪುಸ್ತಕದಲ್ಲಿ ಹೇಳಿದಷ್ಟು ಗಾಳಿ ಏರಿಸಿಕೊಳ್ಳಬೇಕು, ಅದನ್ನು ಮರೀಬಾರದು.

ಎರಡನೇದು ನೀರು. ಟೈರಿನ ವಾಲ್ವನ್ನು ಮೇಲಕ್ಕೆ ತಂದು, ವಾಲ್ವಿನ ಮಟ್ಟಕ್ಕೆ ಬರೋ ತನಕ ನೀರು ತುಂಬಿದರೆ ಮುಕ್ಕಾಲು ಭಾಗ ತುಂಬಿದ ಹಾಗೆ. 12.4–28 ಟೈರಿಗೆ ಸುಮಾರು 150 ಲೀಟರು ಹಿಡಿಯುತ್ತೆ. ಎರಡು ಚಕ್ರಕ್ಕೆ ಸೇರಿ ಮೂರು ಕ್ವಿಂಟಾಲ್ ಭಾರ ಪುಕ್ಕಟೆ ಸಿಕ್ಕ ಹಾಗೆ. ಉಳಿದ ಜಾಗಕ್ಕೆ ಗಾಳಿ ಹೊಡೆಸಬೇಕು. ಉಳುಮೆ ಮುಗಿದ ಮೇಲೆ ಇಳಿಸಿಬಿಡಿ, ಸುಮ್ಮನೆ ಅಷ್ಟು ಭಾರ ಹೊತ್ತುಕೊಂಡು ತಿರುಗಿದರೆ ಡೀಸೆಲ್ ದಂಡ, ನೆಲವೂ ಗಟ್ಟಿಯಾಗುತ್ತೆ.

ಇಷ್ಟು ಮಾಡಿದ ಮೇಲೆ ಜಾರೋದನ್ನು ಅಳೆದು ನೋಡಿ. ಹಿಂದಿನ ಟೈರಿಗೆ ಸುಣ್ಣದಲ್ಲಿ ಒಂದು ಗೆರೆ ಹಾಕಿ. ಕಲ್ಟಿವೇಟರ್ ಎತ್ತಿಕೊಂಡು ಹೊಲದಲ್ಲಿ ಚಕ್ರ ಹತ್ತು ಸುತ್ತು ಬರೋವರೆಗೂ ಓಡಿಸಿ, ದೂರ ಅಳೆಯಿರಿ. 38 ಮೀಟರ್ ಬಂತು ಅಂದುಕೊಳ್ಳಿ. ಆಮೇಲೆ ಕಲ್ಟಿವೇಟರ್ ಬಿಟ್ಟು ಉಳುತ್ತಾ ಹತ್ತು ಸುತ್ತು. 33 ಬಂದರೆ 5 ಮೀಟರ್ ಜಾರಿದೆ, ಅಂದರೆ ನೂರಕ್ಕೆ 13. ಉಳುಮೆಯಲ್ಲಿ ನೂರಕ್ಕೆ 15ರ ತನಕ ಜಾರೋದು ಸಹಜ, ಅದಕ್ಕೆ ಟೈರು ಬದಲಾಯಿಸೋ ಅಗತ್ಯ ಇಲ್ಲ. 20, 25 ಬಂದರೆ ಆಗ ಯೋಚನೆ ಮಾಡಿ.

ನಂಬರು ಓದೋದು

12.4–28 ಅಂದರೆ ಟೈರಿನ ಅಗಲ ಸುಮಾರು 12.4 ಇಂಚು, ರಿಮ್ಮಿನ ಅಡ್ಡಳತೆ 28 ಇಂಚು. 13.6ಕ್ಕೆ ಹೋದರೆ ಅಗಲ 1.2 ಇಂಚು ಜಾಸ್ತಿ, ಒಳಕ್ಕೆ ಅದರಲ್ಲಿ ಅರ್ಧ. ಇಷ್ಟೇ ತಾನೆ ಅಂತ ಎಲ್ಲರೂ ಅಂದುಕೊಳ್ತಾರೆ. ಎತ್ತರವೂ ಜಾಸ್ತಿ ಆಗುತ್ತೆ ಅನ್ನೋದು ತಲೆಗೆ ಬರಲ್ಲ. 12.4–28ರ ಒಟ್ಟು ಎತ್ತರ ಸುಮಾರು 126 ಸೆಂಟಿಮೀಟರ್, 13.6–28ರದ್ದು 131ರ ಹತ್ತಿರ, 14.9–28ರದ್ದು 136ರ ಆಸುಪಾಸು. ಅಚ್ಚಿನಿಂದ ಲೆಕ್ಕ ಹಾಕಿದರೆ ಒಂದೊಂದು ನಂಬರಿಗೂ ಟೈರು ಒಂದು ಇಂಚು ಮೇಲೆ ಬರುತ್ತೆ. ನನ್ನ ಗಾಡಿಯಲ್ಲಿ ಮೇಲಿನ ಸಂದು ಅರ್ಧ ಇಂಚಿಗೆ ಇಳಿದದ್ದು ಇದರಿಂದ. ಚಕ್ರ ದೊಡ್ಡದಾದಷ್ಟೂ ಅದೇ ಗೇರಿನಲ್ಲಿ ಗಾಡಿ ನೂರಕ್ಕೆ ನಾಲ್ಕರಷ್ಟು ಜೋರಾಗಿ ಓಡುತ್ತೆ, ಅಷ್ಟೇ ಎಳೆತ ಕಮ್ಮಿ ಆಗುತ್ತೆ.

ರಿಮ್ಮೂ ಹೊಂದಬೇಕು. ರಿಮ್ಮಿನ ಮೇಲೆ ಡಬ್ಲ್ಯು 10, ಡಬ್ಲ್ಯು 11 ಅಂತ ಒತ್ತಿರುತ್ತಾರೆ, ಅದು ರಿಮ್ಮಿನ ಅಗಲ ಇಂಚಿನಲ್ಲಿ. 11 ಇದ್ದರೆ 12.4 ಮತ್ತು 13.6 ಎರಡೂ ಕೂರುತ್ತೆ. 10ರ ಮೇಲೆ 13.6 ಕೂರಿಸಿದರೆ ಟೈರಿನ ಬುಡ ಹಿಸುಕಿದ ಹಾಗಾಗಿ ನಡು ಉಬ್ಬುತ್ತೆ, ನಡುಭಾಗವೇ ಬೇಗ ಸವೆಯುತ್ತೆ. 14.9ಕ್ಕೆ 12 ಅಥವಾ 13ರ ರಿಮ್ಮು ಬೇಕು. ಕೆಲವು ಗಾಡಿಗಳ ಪುಸ್ತಕದಲ್ಲಿ 12.4, 13.6 ಎರಡನ್ನೂ ಕೊಟ್ಟಿರ್ತಾರೆ. ನಿಮ್ಮ ಗಾಡಿ ಪುಸ್ತಕದಲ್ಲಿ ಇಲ್ಲದ ಸೈಜು ಹಾಕಿಸಲೇಬೇಡಿ. ಫೋರ್ ವೀಲ್ ಗಾಡಿ ಇರುವವರು ಹಿಂದಿನದ್ದನ್ನು ಮಾತ್ರ ಬದಲಾಯಿಸೋ ಹಾಗೇ ಇಲ್ಲ. ಮುಂದಿನ ಚಕ್ರ, ಹಿಂದಿನ ಚಕ್ರ ಗೇರಿನಲ್ಲಿ ಒಂದಕ್ಕೊಂದು ಲೆಕ್ಕ ಕಟ್ಟಿರುತ್ತೆ. ಲೆಕ್ಕ ತಪ್ಪಿದರೆ ಒಂದು ಚಕ್ರ ಇನ್ನೊಂದನ್ನು ಎಳೆದಾಡುತ್ತೆ, ಟೈರೂ ಹೋಗುತ್ತೆ, ಗೇರೂ ಹೋಗುತ್ತೆ.

ಕತ್ತರಿ ಕೊನೆಗೆ

ಬೇಕೇ ಬೇಕು ಅಂತ ಹಾಕಿಸಿದಿರಿ, ತಾಗಿತು. ಏನು ಮಾಡಬೇಕು? ಮೊದಲು ಚಕ್ರವನ್ನು ಹೊರಕ್ಕೆ ಸರಿಸಿ. ನಮ್ಮ ಟ್ರ್ಯಾಕ್ಟರುಗಳ ಹಿಂದಿನ ಡಿಸ್ಕು ತಟ್ಟೆಯ ಹಾಗೆ ಒಂದು ಕಡೆಗೆ ಗುಳಿ ಬಿದ್ದಿರುತ್ತೆ. ಡಿಸ್ಕನ್ನು ತಿರುಗಿಸಿ ಹಾಕಿ, ಇಲ್ಲವೇ ರಿಮ್ಮಿನ ಕಿವಿಗೆ ಡಿಸ್ಕನ್ನು ಆ ಕಡೆಯಿಂದ ಈ ಕಡೆಗೆ ಬದಲಾಯಿಸಿ, ಎರಡು ಚಕ್ರದ ನಡುವಿನ ಅಂತರವನ್ನು ಸಾಧಾರಣವಾಗಿ 4 ಇಂಚಿನ ಹಂತದಲ್ಲಿ ಹೆಚ್ಚಿಸಬಹುದು. ಒಂದೊಂದು ಚಕ್ರ 2 ಇಂಚು ಹೊರಕ್ಕೆ ಹೋಗುತ್ತೆ. ಒಳಮಗ್ಗುಲು ಉಜ್ಜೋದು ಇಷ್ಟಕ್ಕೇ ನಿಲ್ಲುತ್ತೆ, ಒಂದು ರೂಪಾಯಿ ತಗಡೂ ಕತ್ತರಿಸಬೇಕಿಲ್ಲ. ಇದು ನನಗೆ ಮೊದಲೇ ಗೊತ್ತಿದ್ದಿದ್ದರೆ! ಚಕ್ರದ ಅಂತರ ಅಗಲ ಆದರೆ ಇಳಿಜಾರಿನಲ್ಲಿ ಗಾಡಿ ಮಗುಚೋ ಭಯವೂ ಕಮ್ಮಿ.

ಟೈರು ಸಮೇತ ತಿರುಗಿಸಿದರೆ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಬರಬೇಕು. ಇಲ್ಲದಿದ್ದರೆ ಉಬ್ಬು ಪಟ್ಟಿಗಳು ಉಲ್ಟಾ ಆಗುತ್ತೆ. ಗಾಡಿ ಹಿಂದೆ ನಿಂತು ನೋಡಿ, ಪಟ್ಟಿಗಳು ಮನೆಯ ಮಾಡಿನ ಹಾಗೆ ತುದಿ ಮೇಲಕ್ಕೆ ಇರಬೇಕು. ಟೈರಿನ ಮಗ್ಗುಲಲ್ಲಿ ಬಾಣದ ಗುರುತೂ ಇರುತ್ತೆ. ನೀರು ತುಂಬಿದ ಚಕ್ರವನ್ನು ಬಿಚ್ಚೋಕೆ ಹೋಗಬೇಡಿ, ಮೊದಲು ನೀರು ಇಳಿಸಿ. ಜಾಕಿನ ಮೇಲೆ ಮಾತ್ರ ನಂಬಿಕೆ ಇಡದೆ ಅಚ್ಚಿನ ಕೆಳಗೆ ಮರದ ದಿಮ್ಮಿ ಕೊಡಿ. ಕೆಲವರು ಡಿಸ್ಕಿಗೂ ಅಚ್ಚಿಗೂ ನಡುವೆ ದಪ್ಪ ಬಿಲ್ಲೆ ಕೊಟ್ಟು ಹೊರಕ್ಕೆ ತರ್ತಾರೆ. ನಾನು ಒಪ್ಪಲ್ಲ. ಬೋಲ್ಟಿನ ಹಿಡಿತ ಕಮ್ಮಿ ಆಗುತ್ತೆ, ಲೋಡು ಎಳೆಯುವಾಗ ಕತ್ತರಿಸಿ ಹೋದರೆ ಚಕ್ರವೇ ಆಚೆಗೆ.

ಮೇಲ್ಗಡೆ ಸಂದು ಸಾಲದಿದ್ದರೆ ಮಡ್ಗಾರ್ಡನ್ನು ಎತ್ತರಿಸಿ. ಬ್ರಾಕೆಟ್ ಮತ್ತು ಮಡ್ಗಾರ್ಡಿನ ನಡುವೆ ಒಂದು, ಒಂದೂವರೆ ಇಂಚಿನ ಕಬ್ಬಿಣದ ತುಂಡು ಕೊಟ್ಟು, ಅಷ್ಟೇ ಉದ್ದ ಜಾಸ್ತಿ ಇರುವ ಬೋಲ್ಟು ಹಾಕಬೇಕು. ತಲೆಯ ಮೇಲೆ 8.8 ಅಂತ ಒತ್ತಿರುವ ಬೋಲ್ಟು ತಗೊಳ್ಳಿ, ಸಾದಾದ್ದು ಬೇಡ. ಸವೆದ ತೂತುಗಳಿಗೆ ದಪ್ಪ ವಾಷರ್ ವೆಲ್ಡ್ ಮಾಡಿಸಿ ಹೊಸದಾಗಿ ಡ್ರಿಲ್ ಹಾಕಿಸಿ. ಗ್ಯಾಸಿನಲ್ಲಿ ತೂತು ಸುಡಿಸಬೇಡಿ, ಅದು ಗುಂಡಗೆ ಬರೋದಿಲ್ಲ, ಮತ್ತೆ ಜಗ್ಗುತ್ತೆ. ಮಡ್ಗಾರ್ಡ್ ಎತ್ತಿದಾಗ ಲೈಟಿನ ವೈರು ಬಿಗಿದು ಕಿತ್ತು ಹೋಗುತ್ತೆ, ನಾಲ್ಕು ಇಂಚು ವೈರು ಜಾಸ್ತಿ ಬಿಟ್ಟು ಕಟ್ಟಿಸಿ.

ಇಷ್ಟಕ್ಕೂ ಆಗಲಿಲ್ಲ ಅಂದರೆ ಆಗ ಕತ್ತರಿ. ಮೂಲೆಯನ್ನು ಮುಟ್ಟದೆ ಕೆಳ ಅಂಚಿನಿಂದ ಬೇಕಾದಷ್ಟೇ ತೆಗೆಸಿ. ಕತ್ತರಿಸಿದ ಅಂಚಿಗೆ ಎಂಟು ಮಿಲಿಮೀಟರ್ ಸರಳನ್ನು ಬಗ್ಗಿಸಿ ಉದ್ದಕ್ಕೂ ವೆಲ್ಡ್ ಮಾಡಿಸಿ. ಅಂಚು ಮೊಂಡಾಗುತ್ತೆ, ಕಳಕೊಂಡ ಗಟ್ಟಿತನವೂ ಸ್ವಲ್ಪ ವಾಪಸು ಬರುತ್ತೆ. ಒಳಗಡೆಯಿಂದ ಒಂದು ಆಂಗ್ಲರ್ ಪಟ್ಟಿ ಆಧಾರ ಕೊಡಿಸಿದರೆ ಇನ್ನೂ ಒಳ್ಳೇದು. ನನ್ನದಕ್ಕೆ ಆಮೇಲೆ ಇದನ್ನೆಲ್ಲಾ ಮಾಡಿಸಿದೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಟೈರು ರಿಮ್ಮಿನ ಮೇಲೆ ಇರುವಾಗ ರಿಮ್ಮಿಗೆ, ಡಿಸ್ಕಿಗೆ ವೆಲ್ಡಿಂಗ್ ಅಥವಾ ಗ್ಯಾಸ್ ಇಡಬಾರದು. ಗಾಳಿ ಬಿಟ್ಟಿದ್ದರೂ ಇಡಬಾರದು. ಕಾವಿಗೆ ಒಳಗಿನ ರಬ್ಬರು ಹೊಗೆಯಾಡಿ, ಆ ಹೊಗೆಗೆ ಬೆಂಕಿ ಹಿಡಿದು ಟೈರು ಬಾಂಬಿನ ಹಾಗೆ ಸಿಡಿಯುತ್ತೆ, ಎದುರಿಗೆ ಇದ್ದವರು ಉಳಿಯಲ್ಲ. ಮಡ್ಗಾರ್ಡ್ ಕತ್ತರಿಸುವಾಗಲೂ ಚಕ್ರ ಬಿಚ್ಚಿ ದೂರ ಇಟ್ಟೇ ಕತ್ತರಿಸಬೇಕು. ಬ್ಯಾಟರಿ ವೈರು ಬಿಚ್ಚಿ, ಡೀಸೆಲ್ ಟ್ಯಾಂಕಿನ ಕಡೆಗೆ ಕಿಡಿ ಹಾರದ ಹಾಗೆ ಒದ್ದೆ ಗೋಣಿಚೀಲ ಮುಚ್ಚಿ.

ಅಗಲ ಟೈರು ಒಗ್ಗದ ಕಡೆ

ಹಿಪ್ಪುನೇರಳೆ ಇರುವವರು ಈ ಆಸೆ ಬಿಡಬೇಕು. ಜೋಡಿ ಸಾಲಿನಲ್ಲಿ 3 ಅಡಿ, 5 ಅಡಿ ಬಿಟ್ಟು ನಾಟಿ ಮಾಡಿರ್ತೀವಿ. ಚಕ್ರದ ಅಂತರ 48 ಇಂಚಿಗೆ ಇಳಿಸಿದರೂ 12.4ರ ಟೈರು ಸೇರಿ 60 ಇಂಚು ದಾಟಿತು, ಅಂದರೆ ಆ 5 ಅಡಿಯಲ್ಲೇ ಹಿಡಿಯೋದಿಲ್ಲ. ಅಲ್ಲಿಗೆ ಮಿನಿ ಟ್ರ್ಯಾಕ್ಟರು, ಟಿಲ್ಲರೇ ಸರಿ. ಕಡ್ಡಿ ನೆಟ್ಟು ಕಟ್ಟಿದ ಟೊಮೆಟೊ ಸಾಲಿಗೂ ಇದೇ ಮಾತು. ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿ ಜಾಗ ಬೇಕಾದಷ್ಟಿದೆ, ಆದರೆ ಎತ್ತರಿಸಿದ ಮಡ್ಗಾರ್ಡು ಜೋಲು ಕೊಂಬೆಗೆ ಸಿಕ್ಕಿ ಕಾಯಿ ಉದುರಿಸುತ್ತೆ.

ಕಾರು, ಜೀಪಿಗೆ ಅಗಲ ಚಕ್ರ ಹಾಕಿಸೋ ಹುಡುಗರು ಈಗ ನಮ್ಮ ಊರುಗಳಲ್ಲೂ ಇದ್ದಾರೆ. ಅಲ್ಲಿ ಮಡ್ಗಾರ್ಡಿನ ಒಳ ಅಂಚನ್ನು ಕಾಯಿಸಿ, ರೋಲರಿನಲ್ಲಿ ಮೇಲಕ್ಕೆ ಮಡಚುತ್ತಾರೆ. ಬಣ್ಣ ಬಿರಿದರೆ ಅಲ್ಲಿಂದಲೇ ತುಕ್ಕು ಶುರು. ಅದರಲ್ಲಿ ಸ್ಪ್ರಿಂಗೂ ಇದೆ, ಮುಂದಿನ ಚಕ್ರ ತಿರುಗೋದೂ ಇದೆ. ಐದು ಜನ ಕೂರಿಸಿ, ಸ್ಟೀರಿಂಗ್ ಪೂರ್ತಿ ಎರಡೂ ಕಡೆ ತಿರುಗಿಸಿ ನೋಡದೆ ರೋಡಿಗೆ ಇಳಿಸಬಾರದು. ಕಾನೂನೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಿಸಿದವರು ಕೊಟ್ಟ ವಿವರಕ್ಕೆ ಆರ್.ಸಿ. ವಿವರ ತಾಳೆಯಾಗದ ಹಾಗೆ ಗಾಡಿಯನ್ನು ಬದಲಾಯಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಎತ್ತಿ ಹೇಳಿತು. ಟ್ರ್ಯಾಕ್ಟರೂ ಇದೇ ಕಾಯ್ದೆಗೆ ಬರುತ್ತೆ. ಪುಸ್ತಕದಲ್ಲಿ ಇರುವ ಸೈಜನ್ನೇ ಹಾಕಿಸಿ ಅಂತ ಹೇಳಿದ್ದಕ್ಕೆ ಇದೂ ಒಂದು ಕಾರಣ.

ಕೂರೋದರ ವಿಷಯ. ಟ್ರ್ಯಾಕ್ಟರಿನಲ್ಲಿ ಸೀಟು ಇರೋದು ಒಂದೇ, ಡ್ರೈವರಿಗೆ. ಮಡ್ಗಾರ್ಡಿನ ಮೇಲೆ ಕೂತವರಿಗೆ ಏನಾದರೂ ಆದರೆ ಇನ್ಶೂರೆನ್ಸಿನವರು ಕೈ ಎತ್ತುತ್ತಾರೆ, ಕೋರ್ಟು ಅಲೀಬೇಕಾಗುತ್ತೆ. ಕೂಲಿಯವರು, ಮಕ್ಕಳು ಬಂದು ಕೂರ್ತೀವಿ ಅಂತಾರೆ, ನಡೆದುಕೊಂಡು ಬನ್ನಿ ಅನ್ನೋಕೆ ಬಾಯಿ ಬರಲ್ಲ, ನನಗೂ ಬರ್ತಿರಲಿಲ್ಲ. ಈಗ ಎರಡೂ ಮಡ್ಗಾರ್ಡಿನ ನೆತ್ತಿಗೆ ಮುಳ್ಳುತಂತಿಯ ಒಂದೊಂದು ತುಂಡು ಕಟ್ಟಿದ್ದೀನಿ. ನೋಡೋಕೆ ಚೆನ್ನಾಗಿಲ್ಲ, ಊರವರು ನಗ್ತಾರೆ. ಯಾರೂ ಕೂರೋದಿಲ್ಲ.

ಚಕ್ರ ಬಿಚ್ಚಿ ಹಾಕಿದ ಮೇಲೆ ಮೊದಲ ದಿನದ ಕೆಲಸ ಮುಗಿದ ಕೂಡಲೇ ಎಲ್ಲಾ ನಟ್ಟುಗಳನ್ನೂ ಒಂದು ಸಲ ಬಿಗಿ ಮಾಡಿ, ವಾರ ಬಿಟ್ಟು ಇನ್ನೊಂದು ಸಲ. ಮಡ್ಗಾರ್ಡಿನ ಬೋಲ್ಟನ್ನೂ ಅದೇ ಪಾನದಲ್ಲಿ ನೋಡಿಬಿಡಿ.